ಹೂಕಣಿವೆಗೆ ಹೊರಟ ಅಕ್ಕಾರಿಗೆ: ಲೆನ್ಸು ಆಮೇಲೆ, ಮೊದಲು ಮೋಡ ನೋಡಿ

ಅಕ್ಕಾರೆ, ಆಗಸ್ಟ್‌ನಲ್ಲಿ ಬೀದರಿನಿಂದ ಉತ್ತರಾಖಂಡದ ಹೂಕಣಿವೆಗೂ (ವ್ಯಾಲಿ ಆಫ್ ಫ್ಲವರ್ಸ್) ಹತ್ತಿರದ ಹೇಮಕುಂಡ ಸರೋವರಕ್ಕೂ ಹೊರಟಿದ್ದೀರಿ. ಕೈಯಲ್ಲಿ 18-55 ಮಿ.ಮೀ. ಜೂಮ್ ಲೆನ್ಸು ಮಾತ್ರ ಇದೆ, ತೀರಾ ಹತ್ತಿರದಿಂದ ಚಿಕ್ಕದನ್ನು ದೊಡ್ಡದಾಗಿ ತೆಗೆಯುವ ಮ್ಯಾಕ್ರೊ ಲೆನ್ಸು ತಗೊಳ್ಳಲಾ ಅಂತ ಕೇಳಿದ್ದೀರಿ. ಹೂವು ಸರಿಯಾಗಿ ಬಂದರೆ ಆಕಾಶ ಬೆಳ್ಳಗೆ ಬರ್ನ್ ಆಗುತ್ತದೆ, ಏನು ಮಾಡೋದು ಅನ್ನೋದು ನಿಮ್ಮ ಎರಡನೇ ಪ್ರಶ್ನೆ. ಎರಡಕ್ಕೂ ಸೇರಿಸಿ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಮ್ಯಾಕ್ರೊ ಬೇಡ. ಆ ದುಡ್ಡಿನಲ್ಲಿ ಕಣಿವೆಗೆ ಹೋಗುವವರು ತಂಗುವ ಹಳ್ಳಿ ಘಾಂಘರಿಯಾದಲ್ಲಿ ಎರಡು ದಿನ ಜಾಸ್ತಿ ಉಳಿಯಿರಿ. ಆಗಸ್ಟ್ ಅಂದರೆ ಅಲ್ಲಿ ಜೋರು ಮಳೆಗಾಲ. ಹೂವು ಹೆಚ್ಚು ಇರುವುದೂ ಆಗಲೇ, ಗುಡ್ಡ ಕುಸಿದು ರಸ್ತೆ ಬಂದ್ ಆಗುವುದೂ ಆಗಲೇ. ಒಂದೇ ದಿನ ಕಣಿವೆಗೆ ಹೋಗಿ ಬರುವವರಿಗೆ ಆ ದಿನ ಸಿಕ್ಕ ಬೆಳಕೇ ಗತಿ. ನಾಲ್ಕು ದಿನ ಇದ್ದರೆ ಮೋಡದ ಬೆಳಕೂ ಸಿಗುತ್ತದೆ, ಬಿಸಿಲೂ ಸಿಗುತ್ತದೆ. ನಿಮ್ಮ ಲೆನ್ಸು ಒಂದು ಗೇಣಿಗಿಂತ ಸ್ವಲ್ಪ ದೂರದಿಂದಲೇ ಫೋಕಸ್ ಹಿಡಿಯುತ್ತದೆ. ಅಂಗೈ ಅಗಲದ ಹೂವಿಗೆ ಅದು ಧಾರಾಳ ಸಾಕು.

ಎರಡನೇ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಹೂವನ್ನೂ ಆಕಾಶವನ್ನೂ ಪ್ರತಿ ಫೋಟೋದಲ್ಲಿ ಒಟ್ಟಿಗೆ ತರಬೇಕು ಅಂತ ಹಟ ಹಿಡಿಯಬೇಡಿ. ಮೇಲೆ ಮೋಡ ಒಂದೇ ಸಮ ಮುಚ್ಚಿದೆಯಾ? ಆಗ ಆಕಾಶವನ್ನು ಚೌಕಟ್ಟಿನಿಂದ ಪೂರ್ತಿ ಬಿಟ್ಟುಬಿಡಿ. ಆ ಬಿಳಿ ಆಕಾಶದಲ್ಲಿ ನೋಡೋಕೆ ಏನೂ ಇರುವುದಿಲ್ಲ. ಆದರೆ ಅದೇ ಮೋಡದ ಕೆಳಗೆ ಹೂವಿಗೆ ನೆರಳಿನ ಕಲೆ ಬೀಳುವುದಿಲ್ಲ, ಬಣ್ಣ ಗಟ್ಟಿಯಾಗಿ ನಿಲ್ಲುತ್ತದೆ. 55ಕ್ಕೆ ಜೂಮ್ ಮಾಡಿ, ಹಿನ್ನೆಲೆ ಮಸುಕಾಗಲು ಲೆನ್ಸಿನ ಕಿಂಡಿ ಅಗಲ ತೆರೆದು ಎಫ್ 5.6 ಇಟ್ಟು, ಹಿಂದೆ ಬರೀ ಹಸಿರು ಇರುವ ಹಾಗೆ ನಿಂತುಕೊಳ್ಳಿ.

ಮೋಡ ಒಡೆಯುವ ಹೊತ್ತಿಗೆ ಅಗಲ ನೋಟದ 18ಕ್ಕೆ ಬನ್ನಿ. ಎದುರಿನ ಗುಡ್ಡದ ಮೇಲೆ ಮೋಡದ ನೆರಳು ಸರಿಯುವುದನ್ನು ನೋಡುತ್ತಿರಿ. ಬಿಸಿಲಿನ ಪಟ್ಟಿ ನಿಮ್ಮ ಕಡೆ ಬರುತ್ತಿದೆಯೋ ಇಲ್ಲವೋ ಅಂತ ಅದರಿಂದಲೇ ಗೊತ್ತಾಗುತ್ತದೆ. ಅದು ಬರುವ ಮೊದಲೇ ಹೂವು ಆರಿಸಿಕೊಂಡು, ಕ್ಯಾಮೆರಾವನ್ನು ಹೂವಿನ ಮಟ್ಟಕ್ಕೆ ಇಳಿಸಿ, ದೂರದ್ದೂ ಆದಷ್ಟು ಸ್ಪಷ್ಟವಾಗಲು ಕಿಂಡಿ ಕಿರಿದು ಮಾಡಿ ಎಫ್ 11 ಇಟ್ಟು, ಹತ್ತಿರದ ಹೂವಿಗೆ ಫೋಕಸ್ ಮಾಡಿ ತಯಾರಾಗಿರಿ. ಹಿಂದಿನ ಶಿಖರ ಸ್ವಲ್ಪ ಮಸುಕಾದರೂ ಕಣ್ಣು ಒಪ್ಪುತ್ತದೆ, ಹೂವು ಮಸುಕಾದರೆ ಒಪ್ಪುವುದಿಲ್ಲ. ಎಕ್ಸ್‌ಪೋಷರನ್ನು, ಅಂದರೆ ಒಳಬರುವ ಬೆಳಕಿನ ಅಳತೆಯನ್ನು, ಆಕಾಶಕ್ಕೆ ಹೊಂದಿಸಿ, ಕ್ಯಾಮೆರಾ ಹಿಡಿದದ್ದನ್ನೆಲ್ಲ ಹಾಗೇ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ. ಕತ್ತಲಾದ ಹೂವನ್ನು ಮನೆಯಲ್ಲಿ ಕೂತು ಬೆಳಗಿಸಬಹುದು. ಪೂರ್ತಿ ಬಿಳಿಯಾದ ಮೋಡವನ್ನು ಮಾತ್ರ ವಾಪಸ್ ತರಲಾಗದು. ಗಾಳಿ ಇಲ್ಲದಿದ್ದರೆ ಎಕ್ಸ್‌ಪೋಷರ್ ಮೈನಸ್ 2 (ಕತ್ತಲು), ಸೊನ್ನೆ, ಪ್ಲಸ್ 2 (ಬೆಳಕು) ಅಂತ ಮೂರು ಫೋಟೋ ತೆಗೆದು ಆಮೇಲೆ ಒಂದಾಗಿ ಜೋಡಿಸಬಹುದು. ಹೂವು ಅಲ್ಲಾಡುತ್ತಿದ್ದರೆ ಈ ಉಪಾಯ ಕೆಲಸಕ್ಕೆ ಬಾರದು.

ಗಾಳಿಯ ವಿಷಯಕ್ಕೆ ಬಂದರೆ, ಬೆಳಗಿನ ಹೊತ್ತನ್ನು ಕಳೆದುಕೊಳ್ಳಬೇಡಿ. ಬಿಸಿಲು ಏರಿದ ಹಾಗೆ ಗುಡ್ಡದ ಮೈ ಕಾದು ಗಾಳಿ ಕಣಿವೆಯಿಂದ ಮೇಲೇರುತ್ತದೆ. ಹೂವು ಕುಣಿಯೋದು ಶುರುವಾಗುವುದೂ ಆಗಲೇ, ಮಧ್ಯಾಹ್ನಕ್ಕೆ ಮೋಡ ಕಟ್ಟುವುದೂ ಅದರಿಂದಲೇ. ಹೂಕಣಿವೆಯ ಗೇಟು ಬೆಳಗ್ಗೆ 7ಕ್ಕೆ ತೆರೆಯುತ್ತದೆ, ಅಷ್ಟೊತ್ತಿಗೆ ಅಲ್ಲಿರಿ. ಸಂಜೆ 5ರೊಳಗೆ ಹೊರಗೆ ಬರಬೇಕು, ಒಳಗೆ ಟೆಂಟ್ ಹಾಕುವಂತಿಲ್ಲ. ಹಾಗಾಗಿ ಸಂಜೆಗೆಂಪಿನ ಆಕಾಶವನ್ನು ಘಾಂಘರಿಯಾದಿಂದಲೇ ನೋಡಬೇಕು.

ನೀಲಿ ಗಸಗಸೆ ಹೂವು ಸಿಕ್ಕರೆ ಅದರ ಹತ್ತಿರ ಸಾಕಷ್ಟು ಹೊತ್ತು ಕೂತುಕೊಳ್ಳಿ. ದಳ ಎಷ್ಟು ತೆಳುವೆಂದರೆ ಹಿಂದಿನ ಬೆಳಕು ಅದರಲ್ಲಿ ಹಾದು ಬರುತ್ತದೆ. ದಂಟಿನ ತುಂಬ ಮುಳ್ಳಿನಂಥ ರೋಮ, ಮಳೆ ನಿಂತ ಮೇಲೆ ಒಂದೊಂದರ ತುದಿಗೂ ಒಂದೊಂದು ಹನಿ. ನಡುವೆ ಬಂಗಾರದ ಬಣ್ಣದ ಕೇಸರಗಳು. ಹೂವಿಗೆ ಪಕ್ಕದಿಂದ ಬಗ್ಗಿ, ಬೆಳಕು ಎದುರಿನಿಂದ ಬರುವ ಹಾಗೆ ತೆಗೆಯಿರಿ. ಕ್ಯಾಮೆರಾ ತಾನೇ ಬಣ್ಣ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ನೀಲಿಯನ್ನು ನೇರಳೆಗೆ ಎಳೆಯುವುದುಂಟು, ಹಾಗಾಗಿ ಒಂದೇ ಸೆಟ್ಟಿಂಗ್‌ಗೆ ಕಟ್ಟಿಹಾಕಿ. ಬ್ರಹ್ಮಕಮಲವನ್ನು ಹೇಮಕುಂಡದ ಹತ್ತಿರ ಹುಡುಕಿ. ನಾವು ದಳ ಅಂದುಕೊಳ್ಳುವ ಆ ತಿಳಿಹಳದಿ ಹೊದಿಕೆ ನಿಜಕ್ಕೂ ಎಲೆಯದೇ ಒಂದು ರೂಪ, ನೇರಳೆ ಹೂಗೊಂಚಲು ಅದರೊಳಗೆ ಇರುತ್ತದೆ. ಮೇಲಿನಿಂದ ಇಣುಕಿ ತೆಗೆದರೆ ಮಾತ್ರ ಅದು ಕಾಣುತ್ತದೆ.

ಇದಕ್ಕೆಲ್ಲ ದಾರಿ ಬಿಟ್ಟು ಕಾಲಿಡಬೇಡಿ, ದಯವಿಟ್ಟು. ಅಲ್ಲಿ ವರ್ಷದ ಅರ್ಧಕ್ಕಿಂತ ಜಾಸ್ತಿ ಹಿಮ ಇರುತ್ತದೆ. ಚಿಗುರಿ, ಹೂಬಿಟ್ಟು, ಬೀಜ ಕಟ್ಟುವುದಕ್ಕೆ ಗಿಡಕ್ಕೆ ಸಿಗುವುದು ಮೂರು ನಾಲ್ಕು ತಿಂಗಳು. ನಾವು ಒಂದು ಫೋಟೋಗೆ ತುಳಿದರೆ ಅದರ ಆ ವರ್ಷ ಮುಗಿಯಿತು. 1982ರಲ್ಲಿ ರಾಷ್ಟ್ರೀಯ ಉದ್ಯಾನ ಆಗಿ, 2005ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಜಾಗ ಅದು. ದಾರಿಯ ಅಂಚಿನಲ್ಲೇ ಬೇಕಾದಷ್ಟು ಹೂವಿದೆ.

ಮಳೆಗೆ ದುಬಾರಿ ಕವರ್ ಬೇಕಿಲ್ಲ. ನಮ್ಮ ಕಡೆ ಹೊಲದಲ್ಲಿ ಗೊಬ್ಬರದ ಚೀಲ ಮಡಚಿ ತಲೆಗೆ ಕೊಪ್ಪೆ ಹಾಕಿಕೊಳ್ಳುತ್ತಾರಲ್ವಾ, ಹಾಗೆ ಒಂದು ದಪ್ಪ ಪಾಲಿಥಿನ್ ಚೀಲ ಕ್ಯಾಮೆರಾಕ್ಕೆ ಹಾಕಿ, ಲೆನ್ಸಿನ ಸುತ್ತ ರಬ್ಬರ್ ಬ್ಯಾಂಡ್ ಬಿಗಿಯಿರಿ. ಒರೆಸಲು ಹಳೆಯ ಕಾಟನ್ ಪಂಚೆಯ ತುಂಡುಗಳಿರಲಿ. ಚಳಿಯಿಂದ ರೂಮಿಗೆ ಬಂದ ಕೂಡಲೇ ಕ್ಯಾಮೆರಾ ಹೊರತೆಗೆಯಬೇಡಿ, ಚೀಲದೊಳಗೇ ಬೆಚ್ಚಗಾಗಲಿ. ಇಲ್ಲದಿದ್ದರೆ ಗಾಜಿನ ಮೇಲೆ ನೀರು ಕೂರುತ್ತದೆ. ಬ್ಯಾಟರಿ ಒಳಜೇಬಿನಲ್ಲಿ ಇರಲಿ.

ಹೊರಡುವ ಮೊದಲು ಇಲ್ಲೇ ಕೈ ಪಳಗಿಸಿಕೊಳ್ಳಿ. ಒಂದೆರಡು ಮಳೆ ಆದ ಮೇಲೆ ಬೀದರ್ ಹತ್ತಿರದ ಹೊನ್ನಿಕೇರಿ ಕಾಡಿನ ಕಡೆ ಬೆಳಗ್ಗೆ ಹೋಗಿ, ಕೆಂಪು ಮುರುಮಿನ ನೆಲದಲ್ಲಿ ವಿಷ್ಣುಕಾಂತಿ ಹುಡುಕಿ. ಉಗುರಿನಷ್ಟೂ ಇಲ್ಲದ ನೀಲಿ ಹೂವು, ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ಅದರ ನೀಲಿಯನ್ನು ಸರಿಯಾಗಿ ಹಿಡಿದರೆ ಗಸಗಸೆ ಹೂವಿಗೂ ನೀವು ತಯಾರು. ಮೋಡದ ಅಭ್ಯಾಸಕ್ಕೆ ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ ಚೆನ್ನ. ನೀರು, ಗುಡ್ಡ, ಆಕಾಶ ಮೂರೂ ಒಟ್ಟಿಗೆ ಸಿಗುತ್ತವೆ.

ಒಂದು ಸಾಮಾನು ಮಾತ್ರ ಕೊಳ್ಳಿ ಅನ್ನುತ್ತೇನೆ, ಪೋಲರೈಸರ್, ಅಂದರೆ ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಫಿಲ್ಟರ್. ಒದ್ದೆ ಎಲೆಯ ಹೊಳಪನ್ನು ತೆಗೆದು ಹಸಿರನ್ನು ಕಾಣಿಸುತ್ತದೆ. ಆದರೆ ಹೇಮಕುಂಡದಲ್ಲಿ ಅದನ್ನು ಪೂರ್ತಿ ತಿರುಗಿಸಬೇಡಿ. ನಮ್ಮ ಬೀದರ್ ಸುಮಾರು 700 ಮೀಟರ್, ಅದು ಸುಮಾರು 4,300 ಮೀಟರ್. ಗಾಳಿ ತೆಳುವಾಗಿ ಆಕಾಶ ಮೊದಲೇ ಕಡುನೀಲಿ ಇರುತ್ತದೆ. ಮೇಲಿನಿಂದ ಪೋಲರೈಸರ್ ಸೇರಿದರೆ ಒಂದು ಮೂಲೆ ಕಪ್ಪಾಗಿ ಇನ್ನೊಂದು ಬೆಳ್ಳಗೆ ಉಳಿಯುತ್ತದೆ. ಕೊಳ್ಳುವ ಮೊದಲು ಲೆನ್ಸಿನ ಮುಂಬದಿಯ ಅಳತೆ ನೋಡಿ, 18-55ರಲ್ಲೂ 52, 55, 58 ಮಿಲಿಮೀಟರ್ ಅಂತ ಬೇರೆ ಬೇರೆ ಬರುತ್ತವೆ. ನಿಮ್ಮದು 58 ಆಗಿದ್ದರೆ ನನ್ನದೇ ಒಂದಿದೆ, ಕಲಬುರಗಿಗೆ ಬಂದಾಗ ತಗೊಂಡು ಹೋಗಿ.