ಸೆರಗಿನ ಗಂಟಿನಲ್ಲಿದ್ದ ಬಳಪ

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಹೆಣ್ಣುಮಗಳು. ಗುರುತು ಸಿಗಬಾರದೆಂದು ಹೆಸರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ. ರೇಣುಕಾ ಎಂದು ಕರೆಯೋಣ. ವಯಸ್ಸು 22, ಚೊಚ್ಚಲ ಬಸುರಿ, ಐದು ತಿಂಗಳು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8.2 ಎಂದಿತ್ತು. ಬಸುರಿಯರಲ್ಲಿ ಇದು 11ಕ್ಕಿಂತ ಕೆಳಗಿಳಿದರೆ ರಕ್ತಹೀನತೆ. ಡಾಕ್ಟರು ಊಟದ ಸಲಹೆಗೆಂದು ನನ್ನ ಹತ್ತಿರ ಕಳಿಸುವಾಗ ಬರೆದದ್ದು ಇಷ್ಟೇ: ಮಾತ್ರೆ ನುಂಗುತ್ತಿಲ್ಲ.

ಜೊತೆಗೆ ಅತ್ತೆ ಬಂದಿದ್ದರು. ಸೊಸೆಗೆ ಕೇಳಿದ್ದಕ್ಕೆಲ್ಲ ಉತ್ತರ ಅವರದೇ. "ಚಲೋ ಉಣ್ತಾಳ್ರೀ, ನಮ್ಮನ್ಯಾಗ ಏನೂ ಕಮ್ಮಿ ಇಲ್ಲ." ರೇಣುಕಾ ತಲೆ ಎತ್ತಲಿಲ್ಲ. ತೂಕ ನೋಡಬೇಕೆಂದು ಅವಳೊಬ್ಬಳನ್ನೇ ಪಕ್ಕದ ಕೋಣೆಗೆ ಕರೆದೊಯ್ದೆ. ತೂಕದ ಯಂತ್ರ ಹತ್ತುವಾಗ ಸೆರಗಿನ ತುದಿಯ ಗಂಟು ಕಬ್ಬಿಣಕ್ಕೆ ತಾಗಿ ಟಕ್ ಎಂದಿತು. ಗಾಬರಿಯಿಂದ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬೆರಳ ತುದಿಗೆಲ್ಲ ಬಿಳಿ ಪುಡಿ.

"ಬಳಪ ಹೌದಲ್ಲವ್ವಾ? ದಿನಕ್ಕ ಎಷ್ಟು ತಿಂತಿ?" ಎಷ್ಟು ರೊಟ್ಟಿ ಉಣ್ತಿ ಎಂದು ಕೇಳುವ ದನಿಯಲ್ಲೇ ಕೇಳಿದೆ.

ಅವಳ ಕಣ್ಣಲ್ಲಿ ನೀರು ಬಂತು. "ಎಂಟ್ಹತ್ತು ಆಗ್ತಾವ್ರೀ ಅಕ್ಕಾರ. ಮಳಿ ಬಿದ್ದ ಮಣ್ಣಿನ ವಾಸನಿ ಇರ್ತೈತ್ರೀ ಅದಕ್ಕ, ತಡಕೊಳ್ಳಾಕ ಆಗಂಗಿಲ್ಲ." ಹಿಂದೊಮ್ಮೆ ಬೇರೆ ಕಡೆ ಹೇಳಿಕೊಂಡಾಗ ಎಲ್ಲರೆದುರು ಬೈಸಿಕೊಂಡಿದ್ದಳಂತೆ. ಅಂದಿನಿಂದ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಬಳಪ, ಮಣ್ಣು, ವಿಭೂತಿ, ಹಸಿ ಅಕ್ಕಿ ತಿನ್ನುವ ಬಯಕೆ ಕೆಟ್ಟ ಚಟವೆಂದು ನಾನು ಒಪ್ಪುವುದಿಲ್ಲ. ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾದವರಲ್ಲಿ ಇದು ಹೆಚ್ಚು. ರಕ್ತ ಏರಿದಂತೆ ಬಯಕೆ ಬಹುತೇಕ ತಾನಾಗಿ ಇಳಿಯುತ್ತದೆ. ಹಾಗಂತ ತಿನ್ನಲಿ ಬಿಡಿ ಎನ್ನುವಂತೆಯೂ ಇಲ್ಲ. ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆ ಇರಬಹುದು, ಸೀಸ ಇರಬಹುದು. ಇವು ಹೊಟ್ಟೆ ತುಂಬಿಸಿ ಊಟದ ಹಸಿವನ್ನೂ ಕೊಲ್ಲುತ್ತವೆ. ಇದನ್ನೇ ಅವಳಿಗೆ ಹೇಳಿ, "ತಪ್ಪು ನಿಂದಲ್ಲವ್ವಾ, ರಕ್ತ ಕಮ್ಮಿ ಆಗೈತಿ, ಅದು ಬೇಡಾಕತ್ತೈತಿ" ಎಂದೆ. ಮೊದಲ ಸಲ ನನ್ನ ಮುಖ ನೋಡಿದಳು.

ಇನ್ನು ಕಬ್ಬಿಣಾಂಶದ ಮಾತ್ರೆ. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಅತ್ತೆಗೆ ಇರುವ ಅಂಜಿಕೆ ಬೇರೆ: "ಕಬ್ಬಿಣದ ಗುಳಿಗಿ ನುಂಗಿದ್ರ ಕೂಸು ಕರ್ರಗ ಹುಟ್ಟತೈತಿ, ದಪ್ಪ ಆಗಿ ಹೆರಿಗಿ ಕಷ್ಟ ಆಕ್ಕೈತಿ." ಅವರನ್ನು ಒಳಗೆ ಕರೆದು ಕೂರಿಸಿ, ಈ ಭಯ ಯಾವಾಗಿನಿಂದ ಎಂದು ಕೇಳಿದೆ. ಸ್ವಂತ ಮಗಳ ಹೆರಿಗೆಯಲ್ಲಿ ಎರಡು ದಿನ ಬೇನೆ ತಿಂದದ್ದನ್ನು ಕಣ್ಣಾರೆ ಕಂಡವರು ಅವರು. ಸೊಸೆಯ ತುತ್ತಿಗೆ ಕಡಿವಾಣ ಹಾಕಿದ್ದು ಜಿಪುಣತನದಿಂದಲ್ಲ. ಅದನ್ನು ಕೇಳಿಸಿಕೊಳ್ಳದೆ ನಾನು ಪೋಷಕಾಂಶದ ಪಾಠ ಶುರು ಮಾಡಿದ್ದರೆ ಆ ತಾಯಿ ಇನ್ನೊಮ್ಮೆ ಬರುತ್ತಿರಲಿಲ್ಲ.

ಕೂಸಿನ ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ, ಗುಳಿಗೆಯಿಂದಲ್ಲ. ಕಪ್ಪಾಗುವುದು ಮಲ ಮಾತ್ರ, ಅದರಿಂದ ತೊಂದರೆಯಿಲ್ಲ ಎಂದು ಬಿಡಿಸಿ ಹೇಳಿದೆ. "ರಕ್ತ ಕಮ್ಮಿ ಇದ್ದಾಕಿಗಿ ಹೆರಿಗಿಯೊಳಗ ಸ್ವಲ್ಪ ರಕ್ತ ಹೋದ್ರೂ ತಡಕೊಳ್ಳೋದು ಕಷ್ಟ ಆಕ್ಕೈತ್ರೀ ಅಮ್ಮಾರ. ನಾವು ಅಂಜಬೇಕಾದ್ದು ಅದಕ್ಕ." ಅವರು ಸುಮ್ಮನಾದರು.

ದಿನದ ಊಟ ಹೇಗೆ ಎಂದು ಬೆಳಗಿನಿಂದ ರಾತ್ರಿವರೆಗೆ ಹೇಳಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ದಿನಕ್ಕೆ ನಾಲ್ಕು ಸಲ ಚಹಾ, ಅದೂ ರೊಟ್ಟಿ ತಿಂದ ಕೂಡಲೇ. ಚಹಾ ಊಟದಲ್ಲಿನ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಬಿಡು ಎಂದರೆ ಬಿಡುವ ಮನೆ ಅಲ್ಲ. ಎರಡು ಸಲಕ್ಕೆ ಇಳಿಸಿ, ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ ಇಡಲು ಒಪ್ಪಿಸಿದೆ.

ಡಾಕ್ಟರು ದಿನಕ್ಕೆ ಎರಡು ಕಬ್ಬಿಣಾಂಶದ ಕೆಂಪು ಮಾತ್ರೆ ಬರೆದಿದ್ದರು. ಮಧ್ಯಾಹ್ನ ಒಂದು, ರಾತ್ರಿ ಒಂದು, ಊಟವಾದ ಮೇಲೆ ನಿಂಬೆಹಣ್ಣಿನ ನೀರಿನ ಜೊತೆ. ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆ ಸೇರಿಸಬಾರದು, ನಡುವೆ ಎರಡು ತಾಸಾದರೂ ಬೇಕು. ಮಲ ಗಟ್ಟಿಯಾದರೆ ನೀರು, ಸೊಪ್ಪು ಹೆಚ್ಚಿಸಬೇಕೇ ಹೊರತು ಮಾತ್ರೆ ನಿಲ್ಲಿಸಬಾರದು. ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿರುವ ಗಂಡನಿಗೆ ಅಲ್ಲಿಂದಲೇ ಫೋನ್ ಹಚ್ಚಿಸಿ, "ರಾತ್ರಿ ಮಾತಾಡುವಾಗ ಗುಳಿಗಿ ಆತಾ ಅಂತ ಕೇಳ್ರಿ" ಎಂದೆ.

ಊಟಕ್ಕೆ ಪೇಟೆಯಿಂದ ಏನೂ ತರಬೇಕಾಗಿರಲಿಲ್ಲ. ಹಿತ್ತಲಲ್ಲಿ ನುಗ್ಗೆ ಗಿಡವಿತ್ತು, ಅದರ ಎಲೆ ಮೇಕೆಗೆ ಹೋಗುತ್ತಿತ್ತು! ವಾರಕ್ಕೆ ಮೂರು ದಿನ ಆ ಸೊಪ್ಪಿನ ಪಲ್ಯ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೊಳಕೆ ಬರಿಸಿದ ಮಡಕೆ ಕಾಳು, ಶೇಂಗಾ ಹಿಂಡಿ. ಐದನೇ ತಿಂಗಳಿನಲ್ಲಿ ಇಬ್ಬರ ಊಟ ಬೇಕಿಲ್ಲ. ಮೊದಲಿಗಿಂತ ಒಂದು ಹೊತ್ತಿನ ಸಣ್ಣ ಊಟ ಹೆಚ್ಚಾದರೆ ಸಾಕು. ಎಲ್ಲರದೂ ಆದ ಮೇಲೆ ತಳ ಬಳಿದು ಉಣ್ಣುವ ರೂಢಿ ಮಾತ್ರ ಬೇಡ, ಅತ್ತೆಯ ಸಂಗಡವೇ ಕೂತು ಉಣ್ಣಲಿ ಎಂದು ಕೇಳಿಕೊಂಡೆ.

ಅಂಗನವಾಡಿಯ ಮಾತೃಪೂರ್ಣ ಊಟಕ್ಕೆ ಕಳಿಸಲು ಅತ್ತೆಗೆ ಸಂಕೋಚ. "ಮನ್ಯಾಗ ಕೂಳಿಲ್ಲೇನು ಅಂತಾರ ಮಂದಿ." 2017ರಿಂದ ನಡೆಯುತ್ತಿರುವ ಈ ಯೋಜನೆ ಬಡವರಿಗೆಂದು ಹಾಕುವ ಅನ್ನವಲ್ಲ, ಎಲ್ಲ ಬಸುರಿ ಬಾಣಂತಿಯರ ಪಾಲು, ಬಿಸಿ ಊಟದ ಜೊತೆ ಮೊಟ್ಟೆ, ಹಾಲು, ಚಿಕ್ಕಿ ಸಿಗುತ್ತದೆ ಎಂದೆ. ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಎರಡು ಸಲ ಮಾತಾಡಿದ ಮೇಲೆ ಕಳಿಸಿದರು.

ಬಳಪದ ಬಗ್ಗೆ ರೇಣುಕಾಳಿಗೆ ಹೇಳಿದ್ದು ಚಿಕ್ಕದು. ಗಂಟಿನಲ್ಲಿ ಪುಟಾಣಿ, ಒಣಗಿಸಿದ ನೆಲ್ಲಿಕಾಯಿ ಚೂರು ಕಟ್ಟಿಕೋ. ತಿಂದುಬಿಟ್ಟ ದಿನ ಮುಚ್ಚಿಡದೆ ನನಗೆ ಹೇಳು.

ತಿಂಗಳ ನಂತರ ಹಿಮೋಗ್ಲೋಬಿನ್ 9.4. ಬಳಪ ದಿನಕ್ಕೆ ಎರಡಕ್ಕೆ ಇಳಿದಿತ್ತು. ಎಂಟನೇ ತಿಂಗಳಲ್ಲಿ 10.6. "ಈಗ ಅಂಗಡ್ಯಾಗ ಡಬ್ಬಿ ಕಂಡ್ರೂ ಮನಸ್ಸು ಹೋಗಂಗಿಲ್ರೀ" ಎಂದಳು. ತಲೆ ಸಿಡಿತ, ಕಣ್ಣು ಮಂಜು, ಮುಖ ಕೈ ಬಾವು, ರಕ್ತಸ್ರಾವ, ಕೂಸಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ 108ಕ್ಕೆ ಫೋನ್ ಮಾಡಲು ಇಬ್ಬರಿಗೂ ಬಾಯಿಪಾಠ ಮಾಡಿಸಿದೆ.

ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು: "ಹಡದ ಮ್ಯಾಲೆ ಗುಳಿಗಿ ಬಿಡಬೇಕ್ರೀ?" ಇಲ್ಲ, ಹೆರಿಗೆಯ ನಂತರವೂ 180 ದಿನ ನುಂಗಬೇಕು, ಬಾಣಂತನದಲ್ಲಿ ನೀರು, ಸೊಪ್ಪು ಕಡಿಮೆ ಮಾಡಬಾರದು ಎಂದೆ. ಅವರು ಎಲೆ ಅಡಿಕೆಯ ಚೀಲದಿಂದ ತಾಯಿ ಕಾರ್ಡ್ ಹೊರತೆಗೆದು, ಅದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡಲು ಮುಂದೆ ಹಿಡಿದರು.