ತಂಗಿಯ ಮುಂದೆ ಕಿರಿಯರಾಗಿ

ಪ್ರಶ್ನೆ: ನಾನು ಭಾಲ್ಕಿ ತಾಲೂಕಿನವನು, ವಯಸ್ಸು 57. ಹತ್ತು ವರ್ಷಗಳಿಂದ ನಮ್ಮ ಕ್ರೈಸ್ತ ಸಭೆಯ ಸಮಿತಿಯಲ್ಲಿದ್ದೇನೆ. ತಂದೆ 2009ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಉಳಿದ ಆರು ಎಕರೆಗೆ ನಾನು, ನನ್ನ ತಂಗಿ ಇಬ್ಬರೇ. 2011ರಲ್ಲಿ ‘ಪಹಣಿ ಸರಿ ಮಾಡಿಸಬೇಕು’ ಎಂದಷ್ಟೇ ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಆಕೆಯ ಹೆಬ್ಬೆಟ್ಟು ಹಾಕಿಸಿಕೊಂಡೆ. ಒಂದು ಸೀರೆ, ಇಪ್ಪತ್ತು ಸಾವಿರ ರೂಪಾಯಿ ಕೊಟ್ಟೆ. ಆಕೆ ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು ‘ಆಯ್ತೇನಣ್ಣಾ, ಬಸ್ಸಿಗಿ ಹೊತ್ತಾಗ್ತದ’ ಎಂದಿದ್ದಳು. ಈಗ ಗಂಡನನ್ನು ಕಳೆದುಕೊಂಡು ಔರಾದ್ ಕಡೆ ಕೂಲಿ ಮಾಡುತ್ತಾಳೆ. ಈ ಸಲದ ಶ್ರಮಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ) ಉಜ್ಜೀವನ ಕೂಟಕ್ಕೆ ಬಂದಿದ್ದ, ನನ್ನ ಮಗನ ವಯಸ್ಸಿನ ಬೋಧಕರು, ಮೋಸದಿಂದ ತೆಗೆದುಕೊಂಡದ್ದನ್ನು ಹಿಂದಿರುಗಿಸುತ್ತೇನೆಂದ ಸುಂಕದವ ಜಕ್ಕಾಯನ ಬೈಬಲ್ ಕಥೆ ಹೇಳಿ, ‘ಒಡಹುಟ್ಟಿದವರ ಪಾಲು ತಿಂದು ಮುಂದಿನ ಸಾಲಿನಲ್ಲಿ ಕುಳಿತವರು ಇಂದು ದೇವರ ಕಡೆಗೆ ತಿರುಗಿಕೊಳ್ಳಲಿ’ ಎಂದರು. ಯಾರೋ ಅವರ ಕಿವಿ ಊದಿದ್ದಾರೆ. ಅಂದಿನಿಂದ ಮೂರು ವಾರ ಆರಾಧನೆಗೆ ಹೋಗಿಲ್ಲ, ನಿದ್ದೆಯೂ ಇಲ್ಲ. ಮೇಲಿನವರಿಗೆ ದೂರು ಕೊಡಲೇ? ಸಭೆಯ ಮುಂದೆ ಒಪ್ಪಿಕೊಳ್ಳಲೇಬೇಕೇ? ದೇವಾಲಯದ ನೆಲಹಾಸಿಗೆ ಒಂದು ಲಕ್ಷ ರೂಪಾಯಿ ಕೊಟ್ಟರೆ ಸಾಲದೇ? ಹೆಂಡತಿ ಹಾಗೇ ಮಾಡಿ ಎನ್ನುತ್ತಾಳೆ.

ಉತ್ತರ: ನಿಮ್ಮ ಪತ್ರವನ್ನು ನಾನು ಎರಡು ದಿನ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆ. ಅದರಲ್ಲಿ ಅರ್ಧದಷ್ಟು ಬೋಧಕರ ಮೇಲಿನ ಸಿಟ್ಟೇ ಇದೆ. ಆದರೆ ಆ ಸಿಟ್ಟಿನ ನಡುವೆ, ಯಾರೂ ಕೇಳದಿದ್ದರೂ, ತಂಗಿ ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡದ್ದನ್ನು ನೀವು ಬರೆದಿದ್ದೀರಿ. ಇಷ್ಟು ವರ್ಷ ಆ ಮಸಿಯನ್ನು ಮರೆಯದ ಮನಸ್ಸು ಇನ್ನೂ ಬತ್ತಿಲ್ಲವೆಂದು ನಂಬಿಯೇ ಈ ಉತ್ತರವನ್ನು ಬರೆಯುತ್ತಿದ್ದೇನೆ.

ಮೊದಲು ದೂರಿನ ಮಾತು. ನನ್ನ ತಂದೆ ಕಲಬುರಗಿಯ ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ತೊಗರಿ ತಂದಿದ್ದ ರೈತರೊಬ್ಬರು ಒಂದು ಸಂಜೆ ಮನೆ ಬಾಗಿಲಿಗೇ ಬಂದು, ತಮ್ಮ ಒಂದು ಚೀಲ ಲೆಕ್ಕಕ್ಕೆ ಬಂದಿಲ್ಲ ಎಂದರು. ತಂದೆಯ ಬಾಯಿಂದ ಹೊರಟ ಮೊದಲ ಮಾತು, ‘ನಿಮಗ ಯಾರು ಹೇಳಿದ್ರು?’ ಎಂಬುದು. ಆ ರೈತರು ಉತ್ತರ ಕೊಡಲಿಲ್ಲ, ಸುಮ್ಮನೆ ನಿಂತರು. ತಂದೆ ಒಳಗೆ ಹೋಗಿ ಖಾತೆ ಪುಸ್ತಕ ತೆಗೆದು ನೋಡಿದರು, ಚೀಲ ಬಿಟ್ಟುಹೋಗಿತ್ತು. ತಪ್ಪಿಗಿಂತ ಹೆಚ್ಚಾಗಿ, ಮೊದಲು ಆ ಪ್ರಶ್ನೆ ಕೇಳಿದ್ದಕ್ಕೆ ತಾವು ನಾಚಿಕೊಂಡೆವೆಂದು ಅವರು ಬಹಳ ವರ್ಷಗಳ ನಂತರ ನನಗೆ ಹೇಳಿದರು. ನೀವೂ ಈಗ ಅದೇ ಪ್ರಶ್ನೆಯ ಹಿಂದೆ ಬಿದ್ದಿದ್ದೀರಿ. ಬೋಧಕರು ನಿಮ್ಮ ಹೆಸರು ಹೇಳಲಿಲ್ಲ, ನಿಮ್ಮ ಕಡೆ ಕೈ ತೋರಿಸಲಿಲ್ಲ, ನಿಮ್ಮಿಂದ ಕಾಸು ಕೇಳಲಿಲ್ಲ. ಕೇಳಿದ್ದರೆ, ಅಥವಾ ಒಬ್ಬರನ್ನು ಹೆಸರಿಟ್ಟು ಸಭೆಯಲ್ಲಿ ನಾಚಿಸಿದ್ದರೆ, ನಾನೇ ನಿಮಗೆ ದೂರು ಕೊಡಿ ಎನ್ನುತ್ತಿದ್ದೆ. ಅವರಿಗೆ ಯಾರಾದರೂ ಹೇಳಿರಬಹುದು, ಹೇಳದೆಯೂ ಇರಬಹುದು. ಅಕ್ಕ-ತಂಗಿಯರ ಪಾಲು ನುಂಗಿದ ಅಣ್ಣ-ತಮ್ಮಂದಿರು ನಮ್ಮ ಕಡೆಯ ಯಾವ ಊರಿನಲ್ಲಿ, ಯಾವ ಜಾತಿಯಲ್ಲಿ, ಯಾವ ಧರ್ಮದಲ್ಲಿ ಇಲ್ಲ, ಹೇಳಿ? ಆ ಮಾತು ಕೇಳಿ ಅಂದು ಇನ್ನೂ ನಾಲ್ಕು ಮಂದಿಯ ಎದೆ ನಡುಗಿರಲಿಕ್ಕೆ ಸಾಕು.

ಅವರು ಚಿಕ್ಕವರು, ಹೊರಗಿನವರು ಎಂಬ ನಿಮ್ಮ ಆಕ್ಷೇಪಕ್ಕೆ ನಿಮ್ಮ ಸತ್ಯವೇದದಲ್ಲಿಯೇ ಉತ್ತರವಿದೆ. ನಿನೆವೆ ಪಟ್ಟಣಕ್ಕೆ ಹೋದ ಯೋನನು ಪರದೇಶದವನು, ಒಲ್ಲದ ಮನಸ್ಸಿನಿಂದ ಹೋದವನು, ಆ ಊರಿಗೆ ಕ್ಷಮೆ ಸಿಕ್ಕಾಗ ಮುನಿಸಿಕೊಂಡವನು. ಬೋಧಕನಾಗಿ ಅವನಲ್ಲಿ ಎತ್ತಿ ಆಡಬಹುದಾದ ಕೊರತೆಗಳಿಗೆ ಬರವಿರಲಿಲ್ಲ. ಆದರೂ 40 ದಿನಗಳಲ್ಲಿ ಊರು ಕೆಡುವುದೆಂಬ ಸುದ್ದಿ ಕೇಳಿದ ಅರಸನು, ಇವನ್ಯಾರು, ಇವನಿಗೇನು ಅಧಿಕಾರ ಎಂದು ವಿಚಾರಣೆ ಮಾಡಿಸಲಿಲ್ಲ. ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕುಳಿತನು. ಹೇಳಿದವನ ಯೋಗ್ಯತೆಯನ್ನು ತೂಗದೆ ಹೇಳಿದ ಮಾತು ತನಗೆ ತಾಗುವುದೋ ಇಲ್ಲವೋ ಎಂದು ನೋಡಿಕೊಳ್ಳುವುದೇ ಇಲ್ಲಿ ನಿಮ್ಮಿಂದ ಕೇಳಲಾಗುತ್ತಿರುವ ವಿನಯ. ಮಾತು ನಿಮಗೆ ತಾಗಿದೆ. ದೂರನ್ನು ಬಿಟ್ಟುಬಿಡಿ.

ಇನ್ನು ಆ ಒಂದು ಲಕ್ಷ ರೂಪಾಯಿ. ನನಗೆ ನಿಜವಾಗಿ ಭಯವಾದದ್ದು ಇದನ್ನು ಓದಿದಾಗ, ಏಕೆಂದರೆ ಇದು ಒಳ್ಳೆಯ ಕೆಲಸದ ವೇಷದಲ್ಲಿ ಬಂದಿದೆ. ಸಮುವೇಲನ ಮೊದಲನೆಯ ಗ್ರಂಥದ ಹದಿನೈದನೆಯ ಅಧ್ಯಾಯವನ್ನು ಇಂದು ರಾತ್ರಿ ಒಮ್ಮೆ ಓದಿರಿ. ಇಟ್ಟುಕೊಳ್ಳಬಾರದೆಂದು ಹೇಳಿದ್ದ ಕುರಿದನಗಳಲ್ಲಿ ಒಳ್ಳೆಯವನ್ನು ಉಳಿಸಿಕೊಂಡ ಅರಸ ಸೌಲನನ್ನು ಪ್ರವಾದಿ ಸಮುವೇಲನು ಕೇಳಿದಾಗ, ಅವನು ಮೊದಲು ‘ಜನರು ಉಳಿಸಿದರು’ ಎನ್ನುತ್ತಾನೆ, ಆಮೇಲೆ ‘ದೇವರಿಗೆ ಯಜ್ಞ ಮಾಡಲೆಂದೇ ಉಳಿಸಿದೆವು’ ಎನ್ನುತ್ತಾನೆ. ಕೊನೆಗೆ ‘ಪಾಪ ಮಾಡಿದ್ದೇನೆ’ ಎಂದೂ ಒಪ್ಪುತ್ತಾನೆ; ಆದರೆ ಅದರ ಬೆನ್ನಿಗೇ, ನನ್ನ ಜನರ ಹಿರಿಯರ ಮುಂದೆ ನನ್ನ ಮಾನ ಉಳಿಸು ಎಂದು ಕೇಳಿಕೊಳ್ಳುತ್ತಾನೆ. ಕ್ಷಮಿಸಿ, ನಿಮ್ಮ ಪತ್ರದಲ್ಲಿ ಈ ಮೂರೂ ಇವೆ: ಕಿವಿ ಊದಿದವರಿದ್ದಾರೆ, ನೆಲಹಾಸಿದೆ, ಸಮಿತಿಯ ಕುರ್ಚಿಯಿದೆ. ತಂಗಿಯ ಮೂರು ಎಕರೆಯಲ್ಲಿ ಬೆಳೆದ ಸೋಯಾ, ಉದ್ದಿನ ಹಣವನ್ನು ದೇವಾಲಯದ ನೆಲಕ್ಕೆ ಹಾಸಿದರೆ ಅದು ಸೌಲನ ಕುರಿಯಾಗುತ್ತದೆ. ಸೌಲನ ನಂತರ ಅರಸನಾದ ದಾವೀದನೂ ಮಹಾ ತಪ್ಪು ಮಾಡಿದವನೇ. ಆದರೆ ಪ್ರವಾದಿ ನಾತಾನನು, ಐಶ್ವರ್ಯವಂತನೊಬ್ಬ ಕಿತ್ತುಕೊಂಡ ಬಡವನ ಒಂದೇ ಕುರಿಮರಿಯ ಕಥೆ ಹೇಳಿ ‘ಆ ಮನುಷ್ಯನು ನೀನೇ’ ಎಂದಾಗ, ನಿನಗೆ ಯಾರು ಹೇಳಿದರು ಎನ್ನದೆ, ಒಂದೇ ಮಾತಿನಲ್ಲಿ ಪಾಪವನ್ನು ಒಪ್ಪಿಕೊಂಡನು, ಅದರ ಹಿಂದೆ ‘ಆದರೆ’ ಸೇರಿಸಲಿಲ್ಲ.

ಹಾಗಾದರೆ ಸಭೆಯ ಮುಂದೆ ನಿಲ್ಲಬೇಕೇ? ಈಗ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ನೀವು ಮೋಸ ಮಾಡಿದ್ದು ಸಭೆಗಲ್ಲ. ನೂರು ಮಂದಿಯ ಮುಂದೆ ಅತ್ತರೆ ನೂರು ಮಂದಿ ನಿಮ್ಮ ಬೆನ್ನು ತಟ್ಟುತ್ತಾರೆ, ಎಂಥ ದೊಡ್ಡ ಮನಸ್ಸು ಎನ್ನುತ್ತಾರೆ. ಆ ಹೊತ್ತಿನಲ್ಲಿಯೂ ನಿಮ್ಮ ತಂಗಿ ಬೇರೆಯವರ ಹೊಲದಲ್ಲಿ ಕಳೆ ಕೀಳುತ್ತಿರುತ್ತಾಳೆ. ಬಲಿಪೀಠದ ಮುಂದೆ ನಿಂತಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂಬ ಯೇಸುವಿನ ಮಾತಿನಲ್ಲಿ ಅನುಕ್ರಮವೇ ಮುಖ್ಯ. ನಿಮ್ಮ ಕಾಣಿಕೆಯೂ ಅಲ್ಲಿಯೇ ಇರಲಿ, ಕಣ್ಣೀರೂ ಅಲ್ಲಿಯೇ ಇರಲಿ. ಭಾಲ್ಕಿಯಿಂದ ಔರಾದ್‌ಗೆ ಹೋಗಿರಿ.

ಬಸವಣ್ಣನವರು ‘ಎನಗಿಂತ ಕಿರಿಯರಿಲ್ಲ’ ಎಂದ ಕಲ್ಯಾಣ ನಿಮ್ಮ ಜಿಲ್ಲೆಯಲ್ಲಿಯೇ ಇದೆ. ಆ ಸಾಲನ್ನು ನಾವೆಲ್ಲ ಸಭೆ-ಸಮಾರಂಭಗಳಲ್ಲಿ ಸಲೀಸಾಗಿ ಹೇಳುತ್ತೇವೆ. ಹೆಗಲ ಮೇಲೆ ಹೊತ್ತು ಆಡಿಸಿದ ತಂಗಿಯ ಮುಂದೆ, ಅಣ್ಣನಾದವನು ಕಿರಿಯನಾಗಿ ನಿಲ್ಲುವುದು ಮಾತ್ರ ಬಹಳ ಕಷ್ಟ. ಆದ್ದರಿಂದ ಹೇಗೆ ಹೋಗಬೇಕೆಂಬುದನ್ನೂ ಹೇಳುತ್ತೇನೆ. ಒಬ್ಬರೇ ಹೋಗಿರಿ, ಸಭಾಪಾಲಕರನ್ನಾಗಲಿ ಊರ ಹಿರಿಯರನ್ನಾಗಲಿ ಕರೆದುಕೊಂಡು ಹೋಗಬೇಡಿ, ಅವರಿದ್ದರೆ ಆಕೆ ಬೇಡವೆನ್ನಲಾರಳು. ಸೀರೆ ತೆಗೆದುಕೊಂಡು ಹೋಗಬೇಡಿ. ಒಂದು ಸೀರೆಯ ಕಥೆ ನಿಮ್ಮಿಬ್ಬರ ನಡುವೆ ಆಗಲೇ ಇದೆ. ‘ನೀನೂ ಕೇಳಲಿಲ್ಲವಲ್ಲ’ ಎಂಬ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ‘ಪಹಣಿ ಸರಿ ಮಾಡಸ್ತೀನಂತ ಸುಳ್ಳ ಹೇಳಿ ನಿನ್ನ ಪಾಲು ಬರಸ್ಕೊಂಡೀನಿ, ತಿರುಗಿ ಕೊಡ್ಲಿಕ್ಕ ಬಂದೀನಿ’ ಎಂದು ಹೇಳಿ ನಿಲ್ಲಿಸಿರಿ. ಆಕೆಯೇ ನಿಮ್ಮನ್ನು ಸಂತೈಸಬೇಕಾಗುವಷ್ಟು ಅಳಬೇಡಿ. ಕ್ಷಮಿಸಿದ್ದೇನೆಂದು ಹೇಳು ಎಂದು ಒತ್ತಾಯಿಸಬೇಡಿ. ಆಕೆ ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು, ಸತ್ತ ಗಂಡನ ಔಷಧಕ್ಕೆ ಹಣವಿಲ್ಲದೆ ಹೋದ ದಿನಗಳನ್ನು ಒಂದೊಂದಾಗಿ ಎಣಿಸಿ ಹೇಳಬಹುದು. ಕೂತು ಕೇಳಿರಿ. ಆಕೆ ಕ್ಷಮಿಸದಿದ್ದರೂ ಹೊಲ ಆಕೆಯದೇ.

ಪಾಲಿನ ವಿಷಯದಲ್ಲಿ ಗೊಂದಲವೇನೂ ಇಲ್ಲ. ಕ್ರೈಸ್ತರಿಗೆ ಅನ್ವಯವಾಗುವ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ ಪ್ರಕಾರ, ಉಯಿಲಿಲ್ಲದೆ ತೀರಿಕೊಂಡ ತಂದೆಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ತಾಯಿ ಇರಲಿಲ್ಲವಾದ್ದರಿಂದ ಆರರಲ್ಲಿ ಮೂರು ಎಕರೆ ಆಕೆಯದು. ಕ್ರೈಸ್ತರ ಉತ್ತರಾಧಿಕಾರದಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಬರುವ ಹಕ್ಕು ಇಲ್ಲದಿರುವುದರಿಂದ, ನಿಮ್ಮ ಮಗನ ಸಹಿಗಾಗಿ ನೀವು ಕಾಯಬೇಕಾಗಿಲ್ಲ. ಆದರೂ ಹೋಗುವ ಮೊದಲು ಹೆಂಡತಿಗೆ, ಮಗನಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿರಿ. ಅವರು ಒಪ್ಪದಿದ್ದರೆ ಅದನ್ನೇ ನೆಪ ಮಾಡಿಕೊಳ್ಳಬೇಡಿ. ಇಷ್ಟು ವರ್ಷಗಳ ಫಸಲಿನ ಲೆಕ್ಕವೂ ಇದೆ. ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆಂದನು. ಮೋಶೆಯ ಧರ್ಮಶಾಸ್ತ್ರವು ಕಿತ್ತುಕೊಂಡದ್ದರ ಜೊತೆಗೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕೆನ್ನುತ್ತದೆ. ನಿಮ್ಮಿಂದ ಎಷ್ಟಾಗುತ್ತದೆಯೋ ನಾನರಿಯೆ, ಆದರೆ ನೆಲಹಾಸಿಗೆಂದು ಎತ್ತಿಟ್ಟ ಒಂದು ಲಕ್ಷ ರೂಪಾಯಿ ಎಲ್ಲಿಗೆ ಹೋಗಬೇಕೆಂಬುದು ಈಗ ನಿಮಗೆ ತಿಳಿದಿರಬೇಕು.

ಹೊಲ ಆಕೆಯ ಹೆಸರಿಗೆ ಆಗುವವರೆಗೆ ಸಮಿತಿಯಿಂದ ಹಿಂದೆ ಸರಿಯಿರಿ. ಕಾರಣ ಕೇಳಿದರೆ ಮನೆಯಲ್ಲಿ ಒಂದು ಕೆಲಸ ಬಾಕಿಯಿದೆ ಎಂದರೆ ಸಾಕು, ಅದು ಸುಳ್ಳಲ್ಲ. ಆರಾಧನೆಗೆ ಮಾತ್ರ ಈ ಭಾನುವಾರವೇ ಹೋಗಿ, ಹಿಂದಿನ ಸಾಲಿನಲ್ಲಾದರೂ ಕುಳಿತುಕೊಳ್ಳಿ.

ಬಿಡುಗಡೆ ಪತ್ರ ನೋಂದಣಿಯಾಗಿದ್ದರೆ ಹೊಲವನ್ನು ಹಿಂದಿರುಗಿಸಲು ದಾನಪತ್ರ ಬೇಕಾಗಬಹುದು. ಪಹಣಿ ಮತ್ತು 2011ರ ಪತ್ರದ ನಕಲನ್ನು ಒಬ್ಬ ವಕೀಲರಿಗೆ ತೋರಿಸಿ, ನೋಂದಣಿ ಶುಲ್ಕವನ್ನು ನೀವೇ ಕಟ್ಟಿರಿ. ಪತ್ರ ಬರೆದ ಮೇಲೆ ಅದರಲ್ಲಿರುವ ಒಂದೊಂದು ಸಾಲನ್ನೂ, ಚಕ್ಕುಬಂದಿಯ ಸಮೇತ, ಆಕೆಗೆ ಕೇಳಿಸುವಂತೆ ಓದಿ ಹೇಳಿಸಿರಿ. ಈ ಸಲ ಬರೆದುಕೊಡುವವರಾಗಿ ಹೆಬ್ಬೆಟ್ಟು ಒತ್ತುವವರು ನೀವು. ಕಚೇರಿಯಲ್ಲಿ ಸಂಜೆಯವರೆಗೆ ಕಾಯಿಸುತ್ತಾರೆ. ಆಕೆಗೆ ಬಸ್ಸಿಗೆ ಹೊತ್ತಾಗದಂತೆ ಬೆಳಿಗ್ಗೆ ಬೇಗನೆ ಹೋಗಿರಿ.