ಮನೆ ಮುಂದಿನ ಲಾನ್ ತೆಗೆದು ಬೇರೆ ಏನು ಹಾಕಬಹುದು?

ಹತ್ತಡಿ ಅಗಲ, ಹದಿನೈದಡಿ ಉದ್ದದ ಜಾಗ, ನೀರು ಕಮ್ಮಿ, ಹುಲ್ಲು ಕತ್ತರಿಸೋಕೆ ಪುರುಸೊತ್ತಿಲ್ಲ ಅಂದಿದ್ದೀರಿ. ಬೆಂಗಳೂರಿನಲ್ಲಿ ನಮ್ಮ ಮನೆ ಮುಂದೆಯೂ ಹೆಚ್ಚುಕಮ್ಮಿ ಅಷ್ಟೇ ಜಾಗ. ಮೆಕ್ಸಿಕನ್ ಹುಲ್ಲು ಹಾಸಿಸಿದ್ದೆ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಅಂತ ಲೆಕ್ಕ ಹಿಡಿದರೂ 70 ಲೀಟರ್ ಆಯ್ತು. 2024ರ ಮಾರ್ಚ್‌ನಲ್ಲಿ ಕುಡಿಯೋ ನೀರನ್ನು ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತಲ್ಲ, ಅವತ್ತೇ ಹುಲ್ಲಿನ ಆಸೆ ಬಿಟ್ಟೆ.

ಮೊದಲು ಹಾಕಿದ್ದು ವೆಡೇಲಿಯಾ. ಹಳದಿ ಹೂವಿನ ಬಳ್ಳಿ, ರಸ್ತೆ ಡಿವೈಡರ್‌ಗಳಲ್ಲಿ ನೋಡಿರುತ್ತೀರಿ. ತಪ್ಪು ಮಾಡಿದೆ. ಒಂದೇ ಮಳೆಗಾಲಕ್ಕೆ ಕಾಂಪೌಂಡ್ ದಾಟಿ ಪಕ್ಕದ ಮನೆಯವರ ಕರಿಬೇವಿನ ಬುಡಕ್ಕೆ ಹೋಗಿತ್ತು. ಗೆಣ್ಣು ನೆಲಕ್ಕೆ ತಾಗಿದಲ್ಲೆಲ್ಲ ಬೇರು ಬಿಡುತ್ತೆ. ಪುಕ್ಕಟೆ ಕೊಟ್ಟರೂ ತರಬೇಡಿ.

ಈಗ ಇರೋದು ಪಿಂಟೋ ಪೀನಟ್. ಶೇಂಗಾದ ದಾಯಾದಿ, ಎಲೆಯೂ ಹಾಗೇ ಇರುತ್ತೆ. ಬೇರಿನ ಗಂಟುಗಳಲ್ಲಿ ತಾನೇ ಸಾರಜನಕ ಹಿಡಿದಿಡೋದರಿಂದ ಯೂರಿಯಾ ಬೇಕಾಗಿಲ್ಲ. ಅರ್ಧ ನೆರಳಾದರೂ ನಡೆಯುತ್ತೆ. ಎರಡು ತಿಂಗಳಿಗೊಮ್ಮೆ ಅಂಚಿಗೆ ಕತ್ತರಿ ಆಡಿಸಿದರೆ ಮುಗೀತು. ಜೂನ್ ಮಳೆ ಹಿಡಿದ ಮೇಲೆ ನೆಡಿ. ಗೇಣುದ್ದದ ತುಂಡು, ಎರಡು ಗೆಣ್ಣು ಮಣ್ಣೊಳಗೆ, ಅರ್ಧ ಅಡಿಗೊಂದು. ನಮ್ಮಲ್ಲಿ ನೆಲ ಮುಚ್ಚೋಕೆ ನಾಲ್ಕು ತಿಂಗಳು ಹಿಡಿಯಿತು.

ಆದರೆ ನೆಡೋ ಮುಂಚೆ ಜೇಕು ಅನ್ನೋ ಕಳೆ ತೆಗೆಯಲೇಬೇಕು. ನಿಜವಾದ ಕೆಲಸ ಇರೋದೇ ಇಲ್ಲಿ. ಮೇಲಿನ ಗರಿ ಕಿತ್ತರೆ ಕೈಗೆ ಗರಿ ಮಾತ್ರ ಬರುತ್ತೆ, ಗೆಡ್ಡೆ ಒಳಗೇ ಉಳಿದು ನಾಲ್ಕೇ ದಿನಕ್ಕೆ ಮತ್ತೆ ಚಿಗುರುತ್ತೆ. ಏಪ್ರಿಲ್‌ನಲ್ಲಿ ಒಂದಡಿ ಅಗೆದು ನೋಡಿ: ಕಡಲೆಕಾಳಿಗಿಂತ ಸ್ವಲ್ಪ ದಪ್ಪ, ಕಪ್ಪು, ದಾರದಲ್ಲಿ ಪೋಣಿಸಿದ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತೆ. ಮುರಿದರೆ ಒಳ್ಳೆ ಘಮ ಬೇರೆ! ಆರಿಸಿ ತೆಗೆದು ಬಿಸಿಲಿಗೆ ಹಾಕಿ. ಆಮೇಲೆ ಒಂದು ಸಲ ನೀರು ಹಾಯಿಸಿ. ಉಳಿದವು ತಾವಾಗೇ ತಲೆ ಎತ್ತುತ್ತವೆ, ಅವನ್ನೂ ಅಗೆಯಿರಿ. ಇದನ್ನು ಬಿಟ್ಟು ನೆಟ್ಟವರು ಆಮೇಲೆ ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಾರೆ.

ನಲ್ಲಿ ಪಕ್ಕ ಸದಾ ಒದ್ದೆ ಇರೋ ಮೂಲೆಗೆ ಒಂದೆಲಗ ಬಿಡಿ. ತಂಬುಳಿಗೂ ಆಗುತ್ತೆ, ನಾಯಿ ಓಡಾಡದಿದ್ದರೆ ಮಾತ್ರ. ಸುಡು ಬಿಸಿಲಿನ ಅಂಚಿಗೆ ಟೇಬಲ್ ರೋಸ್ ಸಾಕು.

ಮಕ್ಕಳು ಅಲ್ಲೇ ಕ್ರಿಕೆಟ್ ಆಡ್ತಾರೆ ಅಂದ್ರೆ ಇದ್ಯಾವುದೂ ತಡೆಯೋದಿಲ್ಲ. ಆಗ ನಾಟಿ ಗರಿಕೆಯೇ ಸರಿ. ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತೆ, ಗಾಬರಿ ಬೇಡ, ಮಳೆ ಬಿದ್ದ ವಾರಕ್ಕೆ ಹಸಿರಾಗುತ್ತೆ. ಚೌತಿಗೆ ಮಾರ್ಕೆಟ್‌ಗೆ ಹೋಗೋ ಕೆಲಸವೂ ಇಲ್ಲ. ನೀವು ಗೇಟಿನಿಂದ ಬಾಗಿಲಿಗೆ ನಡೆಯೋ ದಾರಿಗೆ ಮಾತ್ರ ನಾಲ್ಕು ಚಪ್ಪಡಿ ಕಲ್ಲು ಹಾಕಿಸಿ.

ಪಿಂಟೋಗೆ ಜಾಸ್ತಿ ದುಡ್ಡು ಸುರಿಯಬೇಡಿ. ಬೆಳೆದಿರೋ ಮನೆ ಕಂಡರೆ ಸುಮ್ನೆ ಕೇಳಿ. ಹೇಗೂ ಕತ್ತರಿಸಿ ಬಿಸಾಡೋದೇ, ಒಂದು ಚೀಲ ಕೊಡ್ತಾರೆ.